ಆರೋಗ್ಯ ಕೇಂದ್ರಕ್ಕೆ ಕಂಪನಿ ಸ್ವಯಂಸೇವಕ: ತರಬೇತಿ ಅಚ್ಚುಕಟ್ಟು, ಆರಂಭ ಅಸ್ತವ್ಯಸ್ತ

ಕಂಪನಿಗಳಲ್ಲಿ ಕೆಲಸ ಮಾಡುವವರನ್ನು ಆರು ತಿಂಗಳ ಮಟ್ಟಿಗೆ ಗ್ರಾಮೀಣ ಆರೋಗ್ಯ ವ್ಯವಸ್ಥೆಗೆ ಸ್ವಯಂಸೇವಕರಾಗಿ ಕಳುಹಿಸಿಕೊಡುವ ಬೆಂಗಳೂರಿನ ಸಂಸ್ಥೆಯೊಂದರ ಸೇವೆಯನ್ನು ಕುರಿತ ವಿಮರ್ಶೆ ಇದು. ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗೋದಾಮು ಮತ್ತು ದಾಸ್ತಾನಿನ ಲೆಕ್ಕ ನೋಡಿಕೊಳ್ಳುವ ವಿಭಾಗದವನು. ಆ ಅನುಭವದ ಆಧಾರದ ಮೇಲೆ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಔಷಧ ದಾಸ್ತಾನನ್ನು ಸುಧಾರಿಸುವ ಕೆಲಸಕ್ಕೆ ನನ್ನನ್ನು ಆರಿಸಿದರು. ಸಂಬಳವನ್ನು ನನ್ನ ಕಂಪನಿ ಎಂದಿನಂತೆ ಕೊಡುತ್ತದೆ. ವಸತಿ, ಪ್ರಯಾಣ, ವಿಮೆ, ತರಬೇತಿ ಎಲ್ಲವೂ ಈ ಸಂಸ್ಥೆಯ ಹೊಣೆ. ಅವಧಿ ಇನ್ನೂ ಮುಗಿದಿಲ್ಲವಾದ್ದರಿಂದ ಕೆಲಸದ ಫಲವನ್ನು ನಾನು ಇಲ್ಲಿ ಅಳೆಯುತ್ತಿಲ್ಲ. ಹೊರಡುವ ಮೊದಲಿನ ಸಿದ್ಧತೆ ಮತ್ತು ಕೆಲಸದ ಆರಂಭ, ಇವೆರಡನ್ನೇ ನೋಡುತ್ತಿದ್ದೇನೆ. ಇಂಥ ಸೇವೆಯ ನಿಜವಾದ ಪರೀಕ್ಷೆಯೂ ಅಲ್ಲೇ ಆಗುತ್ತದೆ.

ಈ ಬಗೆಯ ಕಾರ್ಯಕ್ರಮಗಳು ಹೊಸವೇನಲ್ಲ. ಫೈಜರ್ 2003ರಲ್ಲಿ, ಐಬಿಎಂ 2008ರಲ್ಲಿ, ಗ್ಲಾಕ್ಸೋಸ್ಮಿತ್‌ಕ್ಲೈನ್ 2009ರಲ್ಲಿ ತಮ್ಮ ನೌಕರರನ್ನು ಬೇರೆ ದೇಶಗಳಿಗೆ ಹೀಗೆ ಕಳುಹಿಸುವ ಪದ್ಧತಿಯನ್ನು ಆರಂಭಿಸಿದವು. ಹಣದ ಚೆಕ್ಕಿಗಿಂತ ನುರಿತ ಕೈಗಳನ್ನು ಕೊಡುವುದು ಹೆಚ್ಚು ಉಪಯುಕ್ತ ಎಂಬುದು ಅವುಗಳ ಹಿಂದಿನ ವಿಚಾರ. ನಮ್ಮಲ್ಲಿ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆಂದಾದ ಮೇಲೆ, ಕಂಪನಿಗೂ ಸರ್ಕಾರಿ ಆಸ್ಪತ್ರೆಗೂ ನಡುವೆ ನಿಂತು ಕೆಲಸ ಹೊಂದಿಸಿಕೊಡುವ ಸಂಸ್ಥೆಗಳು ಹೆಚ್ಚಿದವು. ನಾನು ಸೇರಿದ್ದು ಅಂಥವುಗಳಲ್ಲಿ ಒಂದನ್ನು.

ಮೊದಲಿಗೆ ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಸ್ವಯಂಸೇವಕನ ಆರೋಗ್ಯ ಮತ್ತು ಸುರಕ್ಷತೆಯ ವಿಷಯದಲ್ಲಿ ಸಂಸ್ಥೆ ಎಲ್ಲಿಯೂ ಕೈಬಿಗಿ ಹಿಡಿದಿಲ್ಲ. ವೈದ್ಯಕೀಯ ತಪಾಸಣೆ, ಟೈಫಾಯಿಡ್ ಮತ್ತು ಧನುರ್ವಾಯುವಿನ ಲಸಿಕೆ, ಹಾವು ಕಡಿದರೆ ಯಾವ ಆಸ್ಪತ್ರೆಗೆ ಹೋಗಬೇಕೆಂಬ ಮಾಹಿತಿ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹೊರಗಿನ ಓಡಾಟವನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬ ಸಲಹೆ, ಎಲ್ಲವೂ ಸಮಯಕ್ಕೆ ಸರಿಯಾಗಿ ಸಿಕ್ಕಿತು. ಒಂದೇ ಕೊರತೆಯೆಂದರೆ ಹೆಪಟೈಟಿಸ್ ಬಿ ಲಸಿಕೆಯ ಲೆಕ್ಕಾಚಾರ. ಅದರ ಮೂರು ಡೋಸುಗಳ ನಡುವೆ ಸಾಮಾನ್ಯ ವೇಳಾಪಟ್ಟಿಯ ಪ್ರಕಾರ ಒಟ್ಟು ಆರು ತಿಂಗಳ ಅಂತರ ಬೇಕು. ಆಯ್ಕೆಯ ಪತ್ರವೇ ಹೊರಡುವುದಕ್ಕೆ ಸ್ವಲ್ಪ ಮೊದಲು ಬಂದರೆ ಮೂರನೆಯ ಡೋಸು ಕೆಲಸದ ನಡುವೆ ಎಲ್ಲೋ ಬೀಳುತ್ತದೆ. ರಕ್ತಪರೀಕ್ಷೆಯ ಕೊಠಡಿಯ ಪಕ್ಕದಲ್ಲೇ ಕುಳಿತು ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ತರಬೇತಿಯ ಪಾಠಗಳಲ್ಲಿ ಹೆಚ್ಚಿನವು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸುವಂಥವು. ಉಪಕೇಂದ್ರ 5,000 ಜನರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರ 30,000 ಜನರಿಗೆ, ಆಶಾ ಕಾರ್ಯಕರ್ತೆ ಸುಮಾರು 1,000 ಜನರಿಗೆ ಎಂಬ ಲೆಕ್ಕವನ್ನು ಚಿತ್ರಪಟಗಳಲ್ಲಿ ತೋರಿಸಿ, ಕೊನೆಯಲ್ಲಿ ಪ್ರಶ್ನೆ ಕೇಳಿ ಅಂಕ ಕೊಡುತ್ತಾರೆ. ಓದಿ ಮರೆಯುವ ಪಾಠಗಳು. ಆದರೆ ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ನಡೆಸಿಕೊಟ್ಟ ಒಂದು ತರಗತಿ ಮಾತ್ರ ಉಳಿದೆಲ್ಲವನ್ನೂ ಮೀರಿಸಿತ್ತು. ಅವರು ಚಿತ್ರಪಟ ತಂದಿರಲಿಲ್ಲ. ಆಡಳಿತ ವೈದ್ಯಾಧಿಕಾರಿ ಯಾವ ಕಾಗದಕ್ಕೆ ತಾವೇ ಸಹಿ ಹಾಕಬಲ್ಲರು, ಯಾವುದನ್ನು ಮೇಲಕ್ಕೆ ಕಳುಹಿಸಬೇಕಾಗುತ್ತದೆ, ಮಾಸಿಕ ಪ್ರಗತಿ ಪರಿಶೀಲನಾ ಸಭೆಯ ಹಿಂದಿನ ದಿನ ಯಾವ ಸಿಬ್ಬಂದಿಯನ್ನೂ ಏಕೆ ಮಾತಿಗೆ ಎಳೆಯಬಾರದು, ಲಸಿಕೆಯ ದಿನ ಶುಶ್ರೂಷಕಿಯ ಹತ್ತಿರ ಅಂಕಿಅಂಶ ಕೇಳುವುದು ಎಷ್ಟು ಅಸಭ್ಯ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಇಂಥ ತರಗತಿಗೆ ಅರ್ಧ ದಿನವನ್ನಷ್ಟೇ ಕೊಟ್ಟು, ‘ನಾಯಕತ್ವದ ಪಯಣ’ ಎಂಬ ಹೆಸರಿನ ಚಟುವಟಿಕೆಗೆ ಎರಡು ದಿನ ಮೀಸಲಿಟ್ಟದ್ದು ಯಾರ ತೀರ್ಮಾನವೋ!

ರೋಗಿಗಳ ಖಾಸಗಿತನದ ಪಾಠವೂ ಗಟ್ಟಿಯಾಗಿತ್ತು. ಕ್ಷಯರೋಗಿಯ ಹೆಸರನ್ನು ಊರಲ್ಲಿ ಯಾರೆದುರೂ ಉಚ್ಚರಿಸಬಾರದು, ವಹಿಯ ಪುಟದ ಫೋಟೊ ತೆಗೆಯಬಾರದು, ಸ್ವಂತ ಲ್ಯಾಪ್‌ಟಾಪಿಗೆ ರೋಗಿಗಳ ಪಟ್ಟಿಯನ್ನು ಇಳಿಸಿಕೊಳ್ಳಬಾರದು ಎಂದು ಖಚಿತವಾಗಿ ಹೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಸ್ತಾಪವೂ ಬಂತು. ಆದರೆ ಕೆಲಸ ಆರಂಭವಾದ ಕೂಡಲೇ ಅದೇ ಸಂಸ್ಥೆಯ ಪ್ರಚಾರ ವಿಭಾಗದಿಂದ ‘ಫಲಾನುಭವಿಗಳೊಂದಿಗೆ ನಗುಮುಖದ ನಾಲ್ಕಾರು ಚಿತ್ರ’ಗಳನ್ನು ಕಳುಹಿಸಿಕೊಡಿ ಎಂಬ ಮಿಂಚಂಚೆ ಬಂತು. ನಾನು ಕಳುಹಿಸಿದ್ದು ಔಷಧ ಉಗ್ರಾಣದ ಕಪಾಟಿನ ಚಿತ್ರ. ಅದನ್ನು ಅವರು ಬಳಸಿದಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸ್ವಯಂಸೇವಕನನ್ನು ಸಿದ್ಧಪಡಿಸುವ ಮಾತು. ಅವನನ್ನು ಬರಮಾಡಿಕೊಳ್ಳಬೇಕಾದ ಜಾಗವನ್ನು ಸಿದ್ಧಪಡಿಸುವ ಕೆಲಸ ಬಹುತೇಕ ಆಗಿಯೇ ಇರಲಿಲ್ಲ ಎಂಬುದು ಈ ಸೇವೆಯ ಮೇಲೆ ನನ್ನ ಮುಖ್ಯ ಆಕ್ಷೇಪ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೊರಗಿನವನೊಬ್ಬ ಕುಳಿತು ದಾಸ್ತಾನು ವಹಿಯನ್ನು ತೆರೆಯಬೇಕಾದರೆ ಜಿಲ್ಲಾ ಮಟ್ಟದ ಅನುಮತಿ ಪತ್ರ ಬೇಕು, ಅದರ ಪ್ರತಿ ತಾಲ್ಲೂಕಿಗೆ ಬರಬೇಕು, ತಾಲ್ಲೂಕಿನಿಂದ ಆಯಾ ಕೇಂದ್ರದ ವೈದ್ಯಾಧಿಕಾರಿಗೆ ತಿಳಿವಳಿಕೆ ಹೋಗಬೇಕು. ನಾನು ತಲುಪಿದಾಗ ಪತ್ರ ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸಂಸ್ಥೆಯವರು ಕಳುಹಿಸಿದ್ದೇವೆ ಎನ್ನುತ್ತಿದ್ದರು. ಇಲ್ಲಿನ ಕಚೇರಿಯ ಟಪಾಲು ವಹಿಯಲ್ಲಿ ಅದರ ನಮೂದು ಸಿಗುತ್ತಿರಲಿಲ್ಲ. ಪತ್ರವಿಲ್ಲದವನನ್ನು ಒಳಗೆ ಬಿಡದ ವೈದ್ಯಾಧಿಕಾರಿಯ ನಡೆ ಸಂಪೂರ್ಣ ಸರಿಯಾದದ್ದು. ಹಾಗೆ ಬಿಟ್ಟಿದ್ದರೆ ನಾನೇ ಅನುಮಾನಪಡಬೇಕಿತ್ತು. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ಪತ್ರ ಬರುವವರೆಗೆ ಹೊರರೋಗಿ ವಿಭಾಗದ ಓಡಾಟವನ್ನು ದೂರದಿಂದ ನೋಡುತ್ತಿರಿ ಎಂದರು. ಹಾಗೆ ಕಳೆದ ಸಮಯವನ್ನು ಸಂಸ್ಥೆ ತನ್ನ ವರದಿಯಲ್ಲಿ ‘ಪರಿಸರ ಪರಿಚಯ’ ಎಂದು ನಮೂದಿಸಿಕೊಂಡಿದೆ.

ಎರಡನೆಯದು ಕೆಲಸದ ವಿವರಣೆಯ ಪತ್ರ. ಅದರಲ್ಲಿ ‘ಔಷಧ ದಾಸ್ತಾನಿನ ಡಿಜಿಟಲೀಕರಣ’ ಎಂದು ಬರೆಯಲಾಗಿತ್ತು. ಇಲ್ಲಿನ ಫಾರ್ಮಸಿ ಅಧಿಕಾರಿ ಆಗಲೇ ಒಳಬಂದ ಮತ್ತು ಹೊರಹೋದ ಪ್ರತಿ ಔಷಧವನ್ನೂ ಸರ್ಕಾರದ ತಂತ್ರಾಂಶದಲ್ಲಿ ದಾಖಲಿಸುತ್ತಾರೆ, ಲೆಕ್ಕಪರಿಶೋಧನೆಗೆ ಬೇಕೆಂದು ಅದನ್ನೇ ಕೈಬರಹದ ವಹಿಯಲ್ಲೂ ಏರಿಸುತ್ತಾರೆ. ಮೂರನೆಯದೊಂದು ಕಡೆ ಬರೆಯಿರಿ ಎಂದು ಅವರ ಮುಂದೆ ಹೋಗಿ ನಿಲ್ಲುವುದಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ಈ ವಿವರಣೆಯನ್ನು ಬರೆದವರು ಒಂದು ದಿನವಾದರೂ ಉಗ್ರಾಣದಲ್ಲಿ ನಿಂತಿದ್ದರೆ ಅದು ಬೇರೆಯದೇ ಆಗಿರುತ್ತಿತ್ತು.

ಪತ್ರ ಬಂದ ಮೇಲೆ ಫಾರ್ಮಸಿ ಅಧಿಕಾರಿಯ ಪಕ್ಕದಲ್ಲಿ ಕುಳಿತಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕಾರ್ಯಕ್ರಮದಿಂದ ಏನು ಸಾಧ್ಯ ಎಂಬುದೂ ಅಲ್ಲೇ ತಿಳಿಯುತ್ತದೆ. ರಕ್ತದೊತ್ತಡದ ಆಮ್ಲೋಡಿಪಿನ್ 5 ಮಿಲಿಗ್ರಾಂ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮಾತ್ರೆಗಳ ಶಿಲ್ಕು ವಹಿಯಲ್ಲಿ ಎಂದೂ ಸೊನ್ನೆಗೆ ಇಳಿದಿರಲಿಲ್ಲ. ಮೇಲಿನಿಂದ ನೋಡುವವರಿಗೆ ಇದು ಮಾದರಿ ಕೇಂದ್ರ. ವಾಸ್ತವದಲ್ಲಿ ಪೂರೈಕೆ ತಡವಾಗುವ ಸೂಚನೆ ಕಂಡ ಕೂಡಲೇ ಅವರು 30 ದಿನದ ಮಾತ್ರೆಯ ಬದಲು 10 ದಿನದ್ದನ್ನು ಎಣಿಸಿ ಕೊಡುತ್ತಿದ್ದರು. ಇದ್ದದ್ದನ್ನು ಎಲ್ಲರಿಗೂ ಹಂಚುವ ವಿವೇಕದ ಕ್ರಮವೇ ಅದು. ಆದರೆ ಅದರಿಂದ ಕೊರತೆ ಕಾಗದದ ಮೇಲೆ ಕಾಣಿಸುವುದೇ ಇಲ್ಲ. ಅದು ರೋಗಿಯ ಓಡಾಟವಾಗಿ ಮಾರ್ಪಡುತ್ತದೆ. ಒಂದು ಸಲ ಬರಬೇಕಾದವರು ತಿಂಗಳಿಗೆ ಮೂರು ಸಲ ಬರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆಯಾದರೂ ದಿನದ ಕೂಲಿ ತಪ್ಪುವುದು ನಿಂತಿಲ್ಲ; ವಯಸ್ಸಾದ ಗಂಡಸರಿಗೆ ಬಸ್ ಛಾರ್ಜು, ಕೂಲಿ ಎರಡೂ ಹೋಗುತ್ತವೆ. ಹಾಗಾಗಿ ಎರಡನೆಯ ಸಲಕ್ಕೆ ಹಲವರು ಬರುವುದಿಲ್ಲ, ಮಾತ್ರೆ ನಿಲ್ಲುತ್ತದೆ. ಶಿಲ್ಕಿನ ಬದಲು ‘ಒಬ್ಬರಿಗೆ ಎಷ್ಟು ದಿನದ ಮಾತ್ರೆ ಕೊಟ್ಟಿದ್ದೇವೆ’ ಎಂಬುದನ್ನು ತೋರಿಸುವ ಒಂದು ಕಂಬಸಾಲನ್ನು ತಿಂಗಳ ವರದಿಗೆ ಸೇರಿಸಿದರೆ ಕೊರತೆ ಮೊದಲೇ ಮೇಲಕ್ಕೆ ಗೊತ್ತಾಗುತ್ತದೆ. ಇದಕ್ಕೆ ಹೊಸ ತಂತ್ರಾಂಶ ಬೇಡ.

ಹಿಂದಿನ ಮೂರು ವರ್ಷಗಳ ಬಳಕೆಯನ್ನು ತಿಂಗಳವಾರು ಜೋಡಿಸಿದಾಗ ಚಳಿಗಾಲದಲ್ಲಿ ಒಂದು ಏರಿಕೆ ಪ್ರತಿ ವರ್ಷವೂ ಕಾಣಿಸಿತು. ಕಂಪನಿಯ ಗೋದಾಮಿನಲ್ಲಾದರೆ ಇಂಥದ್ದನ್ನು ನಮೂದಿನ ದೋಷವೆಂದು ಗುರುತಿಸಿ ಪಕ್ಕಕ್ಕಿಡುತ್ತಾರೆ. ಫಾರ್ಮಸಿ ಅಧಿಕಾರಿಯನ್ನು ಕೇಳಿದರೆ ಅವರು ತಲೆ ಎತ್ತದೆಯೇ, “ದೋಷ ಅಲ್ರಿ ಸರ. ತೊಗರಿ ರಾಶಿ ಮುಗೀತಂದ್ರ ಮಂದಿ ಗುಳೆ ಹೋಗ್ತಾರ. ಹೋಗೂಮುಂದ ಮೂರು ತಿಂಗಳ ಗುಳಿಗಿ ಒಮ್ಮೆಲೆ ಕೇಳ್ತಾರ, ಇಲ್ಲ ಅನ್ಲಿಕ್ಕೆ ಬರ್ತದೇನು?” ಎಂದರು. ಹೀಗೆ ಹೋದವರಲ್ಲಿ ಅನೇಕರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಸೇರುತ್ತಾರೆ. ಯಾವ ಮನೆಯವರು ಯಾವ ವಾರ ಹೊರಡುತ್ತಾರೆ, ಅವರಲ್ಲಿ ಬಿ.ಪಿ. ಮಾತ್ರೆಯವರು ಯಾರು ಎಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠವಾಗಿದೆ. ಆ ಮಾಹಿತಿಯನ್ನು ಒಂದು ತಿಂಗಳು ಮೊದಲೇ ಬೇಡಿಕೆ ಪಟ್ಟಿಗೆ ಸೇರಿಸುವ ಕೆಲಸವನ್ನು ಈಗ ಕೈಗೆತ್ತಿಕೊಂಡಿದ್ದೇವೆ. ಸಂಸ್ಥೆಯ ಕೆಲಸದ ವಿವರಣೆಯಲ್ಲಿ ಈ ಮಾತು ಎಲ್ಲಿಯೂ ಇಲ್ಲ. ವೈದ್ಯಾಧಿಕಾರಿಯವರೇ ಅದನ್ನು ಕೈಯಿಂದ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ ಕೊಟ್ಟರು.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಕೊಟ್ಟಿರುವ ಮನೆ ಸ್ವಚ್ಛವಾಗಿದೆ, ನೀರಿನ ವ್ಯವಸ್ಥೆ ಪರವಾಗಿಲ್ಲ, ಪ್ರಯಾಣದ ಬಿಲ್ಲು ಬೇಗ ಪಾಸಾಗುತ್ತದೆ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವ ಮಾರ್ಗದರ್ಶಕರು ಸಜ್ಜನರು, ಆದರೆ ಆರೋಗ್ಯ ಇಲಾಖೆಯ ಒಳಗಿನ ನಡೆಯನ್ನು ಬಲ್ಲವರಲ್ಲ. ನನ್ನ ಮನಸ್ಥಿತಿಯನ್ನು ವಿಚಾರಿಸಿದಷ್ಟು ಅವರು ಕೆಲಸವನ್ನು ವಿಚಾರಿಸುವುದಿಲ್ಲ. ಹೊರರಾಜ್ಯದ ಸಹೋದ್ಯೋಗಿಗಳಿಗೆ ಕೊಟ್ಟ ಕನ್ನಡ ತರಬೇತಿ ಪೂರ್ತಿ ಬೆಂಗಳೂರಿನ ಮಾತಿನದಾಗಿದ್ದು, ಇಲ್ಲಿನ ಮಾತಿನ ಲಯಕ್ಕೆ ಕಿವಿ ಹೊಂದಿಸಿಕೊಳ್ಳಲು ಅವರಿಗೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಐದು ಅಂಕಗಳಲ್ಲಿ ಹೊರಡುವ ಮೊದಲಿನ ಸಿದ್ಧತೆಗೆ ನಾಲ್ಕು, ಸ್ಥಳದಲ್ಲಿನ ವ್ಯವಸ್ಥೆಗೆ ಒಂದೂವರೆ ಕೊಡುತ್ತೇನೆ. ಸೇವೆಯನ್ನು ಬೇಡವೆನ್ನುವುದಿಲ್ಲ. ಲೆಕ್ಕ, ದಾಸ್ತಾನು, ಸಲಕರಣೆಗಳ ದುರಸ್ತಿ, ಕಟ್ಟಡದ ವಿದ್ಯುತ್ ವ್ಯವಸ್ಥೆ ಇಂಥ ಕೈಕೆಲಸ ಗೊತ್ತಿರುವವರಿಗೆ ಇಲ್ಲಿ ಮಾಡಲು ಬೇಕಾದಷ್ಟಿದೆ. ಬರಿಯ ‘ಕಾರ್ಯತಂತ್ರ’ ಬರೆಯುವ ಉದ್ದೇಶದಿಂದ ಬರುವವರು ಸಿಬ್ಬಂದಿಯ ಸಮಯವನ್ನು ತಿನ್ನುವುದೇ ಹೆಚ್ಚಾಗುತ್ತದೆ. ಸೇವೆಗೆ ಶುಲ್ಕ ಕಟ್ಟುವ ಕಂಪನಿಗಳು ಎರಡು ಷರತ್ತು ಹಾಕಬಹುದು: ಕೆಲಸದ ವಿವರಣೆಯನ್ನು ಆಯಾ ಕೇಂದ್ರದ ವೈದ್ಯಾಧಿಕಾರಿ ಮತ್ತು ಫಾರ್ಮಸಿ ಅಧಿಕಾರಿಯೊಂದಿಗೆ ಕುಳಿತೇ ಬರೆಯಬೇಕು, ಮೊದಲ ಎರಡು ವಾರ ಯಾವ ವರದಿಯನ್ನೂ ಕೇಳದೆ ಸ್ವಯಂಸೇವಕನನ್ನು ಸಿಬ್ಬಂದಿಯ ಜೊತೆಗೆ ಸುಮ್ಮನೆ ಓಡಾಡಲು ಬಿಡಬೇಕು. ಅರ್ಜಿ ಹಾಕುವ ನೌಕರರಂತೂ ಅನುಮತಿ ಪತ್ರ ತಾಲ್ಲೂಕು ಕಚೇರಿಯ ಟಪಾಲು ವಹಿಯಲ್ಲಿ ದಾಖಲಾದ ಸಂಖ್ಯೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ, ಅದು ಕೈಗೆ ಬಂದ ಮೇಲೆಯೇ ಬೆಂಗಳೂರಿನ ಬಾಡಿಗೆ ಮನೆಯನ್ನು ಖಾಲಿ ಮಾಡಿ.