ಪೊರೆ ಆಪರೇಷನ್‌ಗೆ ಯಾವ ಲೆನ್ಸ್? ಕೊಟ್ಟ ದುಡ್ಡಿಗೆ ಸಿಗುವುದೆಷ್ಟು?

ಪೊರೆ ಆಪರೇಷನ್‌ಗೆ ದಿನ ಗೊತ್ತುಮಾಡುವಾಗ ಕೌನ್ಸೆಲರ್ ದರಪಟ್ಟಿ ಮುಂದಿಡುತ್ತಾರೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಕಣ್ಣಿಗೆ ಸುಮಾರು 30 ಸಾವಿರದಿಂದ ಶುರುವಾಗುವ ಪಟ್ಟಿ, ದೂರ, ನಡು, ಹತ್ತಿರ ಮೂರನ್ನೂ ತೋರಿಸುವ ಟ್ರೈಫೋಕಲ್ ಲೆನ್ಸಿಗೆ ಬರುವಷ್ಟರಲ್ಲಿ ಲಕ್ಷ ದಾಟುವುದುಂಟು. ಪೊರೆ ತೆಗೆಯುವ ಕೆಲಸ ಬಹುಮಟ್ಟಿಗೆ ಒಂದೇ, ಬೆಲೆ ಏರುವುದು ಅದರ ಜಾಗದಲ್ಲಿ ಕಣ್ಣೊಳಗೆ ಕೂರಿಸುವ ಕೃತಕ ಲೆನ್ಸಿನಿಂದ. ನಮ್ಮ ತೀರ್ಪು ಮೊದಲೇ ಹೇಳುತ್ತೇವೆ: ಹೆಚ್ಚಿನವರಿಗೆ ಹೈಡ್ರೋಫೋಬಿಕ್ (ನೀರು ಅಷ್ಟಾಗಿ ಹೀರದ) ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಮೊನೊಫೋಕಲ್ (ಒಂದೇ ದೂರಕ್ಕೆ ಹೊಂದಿಸಿದ) ಲೆನ್ಸ್ ಧಾರಾಳವಾಗಿ ಸಾಕು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಸಿಲಿಂಡರ್ ಪವರ್ (ಬಾಗು ಎಲ್ಲ ಕಡೆ ಸಮವಿಲ್ಲದ ದೋಷ) ಇದ್ದರೆ, ಅದನ್ನು ಸರಿದೂಗಿಸುವ ಟೋರಿಕ್ ಮಾದರಿ. ಅದರಾಚೆಗೆ ಹಾಕುವ ಹಣ ಕೆಲವರಿಗಷ್ಟೇ ದಕ್ಕುತ್ತದೆ.

ಪಟ್ಟಿಯ ತಳದಲ್ಲಿರುವುದು ಪಿಎಂಎಂಎ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಮಡಚಲಾಗದ ಲೆನ್ಸ್. ಲಂಡನ್ನಿನಲ್ಲಿ 1949ರಲ್ಲಿ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೂರಿಸಿದ್ದು ಇದೇ ಪ್ಲಾಸ್ಟಿಕ್ಕನ್ನು. ಮದುರೈನ ಆರೋಲ್ಯಾಬ್ 1992ರಿಂದ ಇಲ್ಲೇ ತಯಾರಿಸತೊಡಗಿದ ಮೇಲೆ ಬೆಲೆ ಬಹಳ ಇಳಿಯಿತು. ಪವರ್ ಸರಿಯಾಗಿದ್ದರೆ ದೂರದ ನೋಟದಲ್ಲಿ ಇದಕ್ಕೇನೂ ಕೊರತೆಯಿಲ್ಲ. ಆದರೆ ಒಳಗೆ ಹೋಗಲು ಸುಮಾರು 6 ಮಿಮೀ ಗಾಯ ಬೇಕು, ಅದರಿಂದ ಸ್ವಲ್ಪ ಸಿಲಿಂಡರ್ ಹುಟ್ಟಿಕೊಳ್ಳಬಹುದು. ಮಡಚುವ ಲೆನ್ಸ್ 2.2ರಿಂದ 2.8 ಮಿಮೀ ಸಂದಿಯಲ್ಲೇ ಒಳಸೇರುತ್ತದೆ, ಕಣ್ಣು ಬೇಗ ಸುಧಾರಿಸುತ್ತದೆ.

'ಫೋಲ್ಡಬಲ್' (ಮಡಚುವ) ಎಂದಷ್ಟೇ ಹೇಳಿದರೆ ಸುಮ್ಮನಾಗಬೇಡಿ, ನೀರು ಹೀರುವ ಹೈಡ್ರೋಫಿಲಿಕ್ಕೋ ಹೈಡ್ರೋಫೋಬಿಕ್ಕೋ ಕೇಳಿ. ಲೆನ್ಸ್ ಕೂತಿರುವ ಚೀಲದ ಹಿಂಭಾಗ ವರ್ಷಗಳ ಮೇಲೆ ಮತ್ತೆ ಮಸುಕಾಗಬಹುದು. ಜನ 'ಪೊರೆ ಮತ್ತೆ ಬಂತು' ಎನ್ನುವುದು ಇದನ್ನೇ. ಚೂಪು ಅಂಚಿನ ಹೈಡ್ರೋಫೋಬಿಕ್ ಲೆನ್ಸಿನಲ್ಲಿ ಇದು ಕಡಿಮೆ. ಬಂದರೂ ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ತೆರವಾಗುತ್ತದೆ.

ಕಾರ್ನಿಯಾದ ಸಿಲಿಂಡರ್ ಒಂದೂಕಾಲು ಡಯಾಪ್ಟರ್ (ಪವರ್ ಅಳೆಯುವ ಮಾನ) ದಾಟಿದವರಿಗೆ ಟೋರಿಕ್ ನಿಜಕ್ಕೂ ಬೆಲೆ ಬಾಳುತ್ತದೆ. ಇದರಲ್ಲಿ ಸರ್ಜನ್ ಕೈ ಮುಖ್ಯ: ಲೆನ್ಸ್ ತನ್ನ ಗುರುತಿನಿಂದ ಒಂದು ಡಿಗ್ರಿ ತಿರುಗಿದರೆ ಶೇ 3ಕ್ಕೂ ಹೆಚ್ಚು ಪರಿಣಾಮ ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಲಾಭವೇ ಉಳಿಯದು. ಮಲಗಿದಾಗ ಕಣ್ಣು ತುಸು ತಿರುಗುವುದರಿಂದ, ರೋಗಿಯನ್ನು ಕೂರಿಸಿಯೇ ಗುರುತು ಹಾಕುತ್ತಾರೋ ಅಥವಾ ಡಿಜಿಟಲ್ ಮಾರ್ಕಿಂಗ್ ಇದೆಯೋ ವಿಚಾರಿಸಿ.

ಇನ್ನು ಟ್ರೈಫೋಕಲ್. ಪ್ಯಾನ್‌ಆಪ್ಟಿಕ್ಸ್‌ನಂಥ ಲೆನ್ಸ್ ಬರುವ ಬೆಳಕನ್ನೇ ದೂರ, ಸುಮಾರು 60 ಸೆಂ.ಮೀ. ಮತ್ತು 40 ಸೆಂ.ಮೀ. ಎಂದು ಹಂಚುತ್ತದೆ. ಕಂಪ್ಯೂಟರ್, ಅಡುಗೆಮನೆ, ಮೊಬೈಲು ಎಲ್ಲಕ್ಕೂ ಬಹುತೇಕ ಕನ್ನಡಕ ಬೇಡ. ಹಂಚಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ: ಮಬ್ಬು ಬೆಳಕಿನಲ್ಲಿ ಕಾಂಟ್ರಾಸ್ಟ್ ತಗ್ಗುತ್ತದೆ, ರಾತ್ರಿ ಎದುರು ಬರುವ ಹೆಡ್‌ಲೈಟ್ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ. ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ಒಗ್ಗುತ್ತದೆ, ಎಲ್ಲರಿಗೂ ಅಲ್ಲ. ರಾತ್ರಿ ಗಾಡಿ ಓಡಿಸುವವರು, ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರು, ಗ್ಲಾಕೋಮಾ ಮುಂದುವರಿದವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಹಣ ಕಟ್ಟುವ ಮುಂಚೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಆಗಲೇಬೇಕು. ಇಡಾಫ್ (ನೋಟದ ವ್ಯಾಪ್ತಿ ಹಿಗ್ಗಿಸುವ) ಲೆನ್ಸ್ ನಡುವಿನ ದಾರಿ: ದೂರ ಮತ್ತು ಕಂಪ್ಯೂಟರ್ ಸಲೀಸು, ಔಷಧಿ ಪಟ್ಟಿಯ ಸಣ್ಣಕ್ಷರಕ್ಕೆ ಚಾಳೀಸು ಬೇಕಾದೀತು. ಕೆಲವು ನೂರು ರೂಪಾಯಿಗೆ ಸಿಗುವ ಆ ಚಾಳೀಸು ಹಾಕಲು ಬೇಸರವಿಲ್ಲದಿದ್ದರೆ ಮೊನೊಫೋಕಲ್ಲೇ ಗೆದ್ದಂತೆ.

ಇಷ್ಟೆಲ್ಲ ಯೋಚಿಸುವವರು ಅಳತೆಯ ಬಗ್ಗೆ ಕೇಳುವುದನ್ನೇ ಮರೆಯುತ್ತಾರೆ. ಕಣ್ಣಿನ ಉದ್ದ ಅಳೆಯುವಾಗ 1 ಮಿಮೀ ತಪ್ಪಿದರೆ ಪವರ್ ಎರಡೂವರೆ ಡಯಾಪ್ಟರ್‌ನಷ್ಟು ಎಡವಟ್ಟಾಗಬಹುದು. ಆಗ ಲಕ್ಷದ ಲೆನ್ಸೂ ಮಸುಕೇ. ಬೆಳಕಿನಿಂದ ಕಣ್ಣಳೆಯುವ ಆಪ್ಟಿಕಲ್ ಬಯೋಮೀಟರ್ ಇರುವ ಕಡೆ ಹೋಗಿ. ಪೊರೆ ತುಂಬ ಬಲಿತಿದ್ದರೆ ಬಯೋಮೀಟರಿನ ಬೆಳಕು ಒಳಗಿಳಿಯುವುದಿಲ್ಲ, ಶಬ್ದತರಂಗದಿಂದ ಅಳೆಯುವ ಎ-ಸ್ಕ್ಯಾನ್‌ಗೇ ಮೊರೆಹೋಗಬೇಕಾಗುತ್ತದೆ. ಹಿಂದೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ) ಆಗಿದ್ದರೆ ಮುಚ್ಚಿಡಬೇಡಿ, ಲೆನ್ಸ್ ಪವರ್ ಲೆಕ್ಕಹಾಕುವ ಮಾಮೂಲಿ ಫಾರ್ಮುಲಾ ಅಲ್ಲಿ ದಾರಿ ತಪ್ಪಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಡಾಕ್ಟರ್ ಹೇಳಿದಷ್ಟು ದಿನ ಮೊದಲೇ ನಿಲ್ಲಿಸಬೇಕು. ಕಣ್ಣು ಒಣಗಿದ್ದರೂ ಅಳತೆ ಏರುಪೇರಾಗುತ್ತದೆ, ಮೊದಲು ಅದಕ್ಕೆ ಚಿಕಿತ್ಸೆ.

'ಬ್ಲೇಡ್ ಇಲ್ಲದ ಲೇಸರ್' ಎಂದು ಸೇರಿಸುವ ಮೊತ್ತವನ್ನು ನಾವಾದರೆ ಉಳಿಸುತ್ತೇವೆ. ಫ್ರಾನ್ಸಿನ ಫೆಮ್‌ಕ್ಯಾಟ್ ಟ್ರಯಲ್‌ನಲ್ಲಿ ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿಮಾಡಿ ತೆಗೆಯುವ ಮಾಮೂಲಿ ಫೇಕೋಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಬಹಳಷ್ಟು ವಿಮಾ ಪಾಲಿಸಿಗಳಲ್ಲಿ ಪೊರೆಗೆ ಕಣ್ಣಿಗಿಷ್ಟು ಎಂಬ ಮಿತಿ ಇರುತ್ತದೆ, ದುಬಾರಿ ಲೆನ್ಸಿನ ಹೆಚ್ಚುವರಿ ಹಣ ಕೈಯಿಂದಲೇ ಹೋಗುತ್ತದೆ. ಡಿಸ್ಚಾರ್ಜ್ ಆಗುವಾಗ ಲೆನ್ಸ್ ಡಬ್ಬಿಯ ಸ್ಟಿಕ್ಕರ್ ಫೈಲಿಗೆ ಅಂಟಿಸಿದ್ದಾರೋ ನೋಡಿ. ಮಾಡೆಲ್, ಪವರ್, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. ಎರಡನೇ ಕಣ್ಣಿನ ಲೆನ್ಸ್ ಆರಿಸುವಾಗ ಡಾಕ್ಟರ್ ಮೊದಲು ಕೇಳುವುದು ಅದನ್ನೇ.