ಕಾಮೆಂಟ್ ಮಬ್ಬಾಗಿರಲೋ, ಎದ್ದು ಕಾಣಲೋ?

ಕೋಡ್ ಬರೆಯುವ ಎಡಿಟರ್‌ಗೆ ಥೀಮ್, ಅಂದರೆ ಬಣ್ಣಗಳ ಜೋಡಣೆ, ಆರಿಸುವಾಗ ಹಿನ್ನೆಲೆ ಕಪ್ಪೋ ಬಿಳಿಯೋ ಅಂತ ನೋಡುತ್ತೇವೆ. ಕಾಮೆಂಟ್‌ನ, ಅಂದರೆ ಕೋಡ್ ನಡುವೆ ಓದುವವರಿಗಾಗಿ ಬರೆದಿಡುವ ಟಿಪ್ಪಣಿಯ, ಬಣ್ಣ ನೋಡುವವರು ಕಡಿಮೆ, ಅಲ್ವಾ?

ಸೋಲರೈಸ್ಡ್ ಡಾರ್ಕ್, ಡ್ರಾಕುಲಾ ಥೀಮ್‌ಗಳಲ್ಲಿ ಕಾಮೆಂಟ್ ಮಬ್ಬು. ಕೋಡ್ ಮುಂದೆ ಬರುತ್ತದೆ, ಟಿಪ್ಪಣಿ ಹಿಂದೆ ಸರಿಯುತ್ತದೆ. ನೀವೇ ಬರೆದ ಕೋಡಾದರೆ ಹಾಯಾಗಿರುತ್ತದೆ. ಆದರೆ ವೆಬ್ ಪುಟದ ಅಕ್ಷರಕ್ಕೆ ಹೇಳುವ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ) ಇವೆರಡರ ಕಾಮೆಂಟ್‌ಗೂ ಇಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲು ಪರದೆ ಮೇಲೆ ಬಿದ್ದರಂತೂ ಆ ಸಾಲುಗಳು ಮಾಯ. ಕೌಲ್ ಬಜಾರಿನ ರೂಮಿನಲ್ಲಿ ಕೂತು ಒಂದು ಜೀನ್ಸ್ ಅಂಗಡಿಯ ಬಿಲ್ಲಿಂಗ್ ಕೋಡ್ ತಿದ್ದುತ್ತಿದ್ದೆ. ‘// ಇದರಲ್ಲಿ ಜಿಎಸ್‌ಟಿ ಸೇರಿದೆ, ಮತ್ತೆ ಕೂಡಿಸಬೇಡಿ’ ಅಂತ ಹಿಂದಿನವರು ಬರೆದಿದ್ದರು. ನನ್ನ ಕಣ್ಣಿಗೆ ಬೀಳಲಿಲ್ಲ. ಕೂಡಿಸಿಬಿಟ್ಟೆ. ಸಂಜೆಗೆ ಅಂಗಡಿಯಿಂದ ಫೋನ್ ಬಂತು.

ವಿಎಸ್ ಕೋಡ್ ಎಂಬ ಎಡಿಟರ್‌ನ ಡಾರ್ಕ್ ಪ್ಲಸ್ ಥೀಮ್‌ನಲ್ಲಿ ಕಾಮೆಂಟ್ ಹಸಿರು. ಓದಲು ಸಲೀಸು. ಆದರೆ ಬೇಡವಾದ ಹಳೇ ಕೋಡನ್ನು ಅಳಿಸದೆ ಕಾಮೆಂಟ್ ಮಾಡಿ ಬಿಟ್ಟಿರುವ ಫೈಲಾದರೆ ಸುಮ್ನೆ ಕಸವೇ ಜಾಸ್ತಿ ಕಾಣುತ್ತದೆ.

ಬೇರೆಯವರ ಕೋಡ್ ತಿದ್ದುವವರಿಗೆ, ಹೊಸದಾಗಿ ಕಲಿಯುವವರಿಗೆ ಎದ್ದು ಕಾಣುವ ಬಣ್ಣವೇ ವಾಸಿ. ಥೀಮ್ ಬಿಡಲು ಮನಸ್ಸಿಲ್ಲವೇ? ವಿಎಸ್ ಕೋಡ್ ಸೆಟ್ಟಿಂಗ್ಸ್‌ನ ‘ಟೋಕನ್ ಕಲರ್ ಕಸ್ಟಮೈಸೇಷನ್ಸ್’ನಲ್ಲಿ ಕಾಮೆಂಟ್ ಬಣ್ಣವೊಂದನ್ನೇ ಬದಲಿಸಬಹುದು. ನಾನು ಸೋಲರೈಸ್ಡ್ ಬಿಟ್ಟಿಲ್ಲ, ಕಾಮೆಂಟ್ ಮಾತ್ರ ತಿಳಿ ಹಳದಿ ಮಾಡಿಕೊಂಡಿದ್ದೇನೆ.