ಹೊಟ್ಟೆಯೊಳಗಿನ ಅಂಟು: ಆಂಟಿಬಯೋಟಿಕ್ ತೊಳೆತವೋ, ತಡೆಪೊರೆಯೋ?

ಜಯನಗರದ ಆಸ್ಪತ್ರೆಯೊಂದರಲ್ಲಿ ಅಕ್ಕನ ಗರ್ಭಕೋಶದ ಗಡ್ಡೆ ತೆಗೆಸಲು ದಿನ ಗೊತ್ತಾಗಿದೆ, ಆಮೇಲೆ ಕರುಳು ಅಂಟಿಕೊಳ್ಳದಂತೆ ಏನು ಹಾಕಿಸಬೇಕು ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಬರಿಯ ಸಲೈನ್ ತೊಳೆತಕ್ಕೆ ಸಾಟಿಯಿಲ್ಲ. ಅದಕ್ಕೆ ಆಂಟಿಬಯೋಟಿಕ್ ಬೆರೆಸಿದರೂ ಬಿಲ್ ಹೆಚ್ಚೇನೂ ಏರದು. ಆದರೆ ಅಗ್ಗವೆಂದು ಅತ್ತ ವಾಲಬೇಡಿ. ಅದರಿಂದ ಅಂಟು ಕಡಿಮೆಯಾಗುತ್ತದೆ ಎನ್ನಲು ಪುರಾವೆಯಿಲ್ಲ. ಇಲಿಗಳ ಹೊಟ್ಟೆಯನ್ನು ಸೆಫಜೋಲಿನ್ ಅಥವಾ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ದ್ರಾವಣದಿಂದ ತೊಳೆದಾಗ ಅಂಟು ಹೆಚ್ಚಿದ್ದೇ ಕಂಡಿತು. ಹೊಟ್ಟೆಯ ಒಳಪೊರೆ ತೀರ ನಾಜೂಕು. ಅದು ಕೆರಳಿದರೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಅಂಟಂಟು ಪ್ರೋಟೀನ್) ಜಿನುಗುತ್ತದೆ, ಕರಗದೆ ಉಳಿದಲ್ಲಿ ನಾರಿನ ಪಟ್ಟಿ ಬೆಳೆಯುತ್ತದೆ, ಅದೇ ಈ ಅಂಟು. ಇಲಿಗೆ ಆದದ್ದು ಮನುಷ್ಯರಿಗೂ ಆಗಲೇಬೇಕೆಂದಿಲ್ಲ, ನಿಜ. ಕೊಯ್ಯುವ ಮುನ್ನ ರಕ್ತನಾಳಕ್ಕೆ ಕೊಡುವ ಆಂಟಿಬಯೋಟಿಕ್ ಮಾತ್ರ ಬೇರೆ ಮಾತು. ಅದು ಸೋಂಕು ತಡೆಯಲು, ಬೇಡವೆನ್ನಬೇಡಿ.

ಗಾಯದ ಮೇಲೆ ಹಾಸಿ ಅಂಗಗಳನ್ನು ಬೇರ್ಪಡಿಸುವ ತೆಳು ಹಾಳೆ, ಅಂದರೆ ಹಯಲುರೋನೇಟ್-ಸೆಲ್ಯುಲೋಸ್ ತಡೆಪೊರೆ, ದುಬಾರಿ. ವಿಮೆಯವರು ಭರಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಇದು ಅಂಟನ್ನು ತಗ್ಗಿಸುತ್ತದೆ ಎನ್ನಲು ಮನುಷ್ಯರಲ್ಲೇ ಪುರಾವೆಯಿದೆ: ಗಾಯ ಮಾಯುವ ಮೊದಲ ವಾರ ಜೆಲ್ ಆಗಿ ಅಡ್ಡನಿಂತು, ಬಳಿಕ ಕರಗಿಹೋಗುತ್ತದೆ. ಆದರೆ ಹಪ್ಪಳದಂತೆ ಮುರಿಯುವ, ಒದ್ದೆ ಕೈಗವಸಿಗೆ ಅಂಟುವ ಈ ಹಾಳೆಯನ್ನು ಲ್ಯಾಪರೋಸ್ಕೋಪಿಯ ಸಣ್ಣ ರಂಧ್ರದಲ್ಲಿ ತೂರಿಸುವುದು ಪೇಚಾಟವೇ ಸರಿ.

ಹೊಟ್ಟೆ ತೆರೆದು ಮಾಡುವುದಾದರೆ ಪೊರೆಯ ಬಗ್ಗೆ ಕೇಳಿ. ಲ್ಯಾಪರೋಸ್ಕೋಪಿಯಾದರೆ, ಪಿಷ್ಟದಿಂದ ತಯಾರಿಸಿದ, ಅಂಗಗಳು ಒಂದಕ್ಕೊಂದು ತಾಗದಂತೆ ತೇಲಿಸಿಡುವ ಶೇ 4ರ ಐಕೊಡೆಕ್ಸ್‌ಟ್ರಿನ್ ದ್ರಾವಣ ಸುರಿಯುವುದು ಸುಲಭ, ಪುರಾವೆ ಮಾತ್ರ ಪೊರೆಗಿಂತ ತೆಳು. ಮೆಕ್ಕೆಜೋಳದ ಪಿಷ್ಟದ ಅಲರ್ಜಿಯಿದ್ದರೆ ಅದು ಬೇಡ. ಕರುಳು ಕತ್ತರಿಸಿ ಜೋಡಿಸಬೇಕಾಗಿ ಬಂದರೆ ಆ ಹೊಲಿಗೆಯ ಸುತ್ತ ಪೊರೆ ಸುತ್ತಬಾರದು, ಸೋರುವ ಅಪಾಯವಿದೆ. ಹೊಟ್ಟೆಯಲ್ಲಿ ಕೀವು ಕಂಡರೆ ಪೊರೆಯೂ ಬೇಡ, ಐಕೊಡೆಕ್ಸ್‌ಟ್ರಿನ್ನೂ ಬೇಡ, ಸಲೈನ್ ಸಾಕು.